ಗ್ಲಾಕೋಮಾ ಡ್ರಾಪ್ಸ್‌ಗೆ ಮೊಬೈಲ್ ರಿಮೈಂಡರ್: ಆ್ಯಪ್ ಕೆಲವು ದಿನ ಸದ್ದೇ ಮಾಡುವುದಿಲ್ಲ, ಸದ್ದು ಮಾಡಿದರೂ ಡ್ರಾಪ್ಸ್ ಬೀಳುವುದಿಲ್ಲ. ಏನು ಮಾಡಬೇಕು?

ಬಸವನಗುಡಿ_ನಿವಾಸಿ

ಮನೆಯ ಹಿರಿಯರಿಗೆ 71 ವರ್ಷ, ಎರಡೂ ಕಣ್ಣಿಗೆ ಗ್ಲಾಕೋಮಾ, ಅಂದರೆ ಕಣ್ಣೊಳಗಿನ ಒತ್ತಡದಿಂದ ದೃಷ್ಟಿನರ ಸವೆಯುವ ಕಾಯಿಲೆ. ಡಾಕ್ಟರ್ ಬರೆದುಕೊಟ್ಟಿರುವುದು ಎರಡು ಬಾಟಲ್. ಡೋರ್ಜೋಲಮೈಡ್ ಮತ್ತು ಟಿಮೋಲಾಲ್ ಸೇರಿದ್ದು ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಲ್ಯಾಟಾನೊಪ್ರೋಸ್ಟ್ 0.005% ರಾತ್ರಿ ಮಾತ್ರ. ಎರಡೂ ಕಣ್ಣಿಗೆ ಒಂದೊಂದು ಹನಿ.

ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರೆ ನೆನಪಿಸುವ ಒಂದು ಆ್ಯಪ್ ಹಾಕಿಕೊಟ್ಟಿದ್ದೇವೆ. ತೊಂದರೆ ಮೂರು. ಕೆಲವು ದಿನ ರಿಮೈಂಡರ್ ಬರುವುದೇ ಇಲ್ಲ, ಅಥವಾ ಅರ್ಧ ಗಂಟೆ ತಡವಾಗಿ ಬರುತ್ತದೆ. ಬಂದಾಗ ಅಡುಗೆಮನೆಯಲ್ಲಿದ್ದರೆ ಆಫ್ ಮಾಡಿ "ಆಮೇಲೆ ಹಾಕ್ಕೊಳ್ತೀನಿ" ಅನ್ನುವುದು, ಆಮೇಲೆ ಮರೆತೇ ಹೋಗುವುದು. ಮೂರನೆಯದು, ಹಗಲು ನಾವೆಲ್ಲ ಆಫೀಸಿನಲ್ಲಿರುತ್ತೇವೆ. ಹನಿ ನಿಜವಾಗಿ ಕಣ್ಣಿಗೆ ಬಿತ್ತೋ ಇಲ್ಲವೋ ತಿಳಿಯುವ ದಾರಿ ಇಲ್ಲ.

ಬೇರೆ ಆ್ಯಪ್ ಹಾಕಬೇಕಾ? ಅಥವಾ ವ್ಯವಸ್ಥೆಯನ್ನೇ ಬದಲಿಸಬೇಕಾ?

---

ಆಂಡ್ರಾಯ್ಡ್_ಕೋರಮಂಗಲ

ಮೊದಲನೆಯ ತೊಂದರೆಗೆ ಆ್ಯಪ್ ಕಾರಣ ಅಲ್ಲದೆ ಇರಬಹುದು. ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಏನು ಮಾಡುತ್ತದೆ ಅಂದರೆ, ಫೋನ್ ಅಲುಗಾಡದೆ, ಸ್ಕ್ರೀನ್ ಆಫ್ ಆಗಿ ಒಂದೇ ಕಡೆ ಬಿದ್ದಿದ್ದರೆ ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸಿ, ಅವುಗಳ ಕೆಲಸವನ್ನು ಮುಂದೂಡುತ್ತದೆ. ದಿನವಿಡೀ ಫೋನ್ ಒತ್ತುತ್ತಿರುವವರ ಕೈಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಹಿರಿಯರ ಫೋನ್ ಶೋಕೇಸ್ ಮೇಲೆ ಗಂಟೆಗಟ್ಟಲೆ ಸುಮ್ಮನೆ ಕೂತಿರುತ್ತದೆ, ಅದಕ್ಕೇ ಅಲ್ಲಿ ಕೈಕೊಡುತ್ತದೆ. ನಿಮ್ಮ ಫೋನಿನಲ್ಲಿ ಪರೀಕ್ಷೆ ಮಾಡಿ "ಸರಿ ಇದೆ" ಅಂದುಕೊಂಡರೆ ಪ್ರಯೋಜನವಿಲ್ಲ. ಶಿಯೋಮಿ, ವಿವೋ, ಒಪ್ಪೋ, ರಿಯಲ್‌ಮಿ ಫೋನುಗಳಲ್ಲಿ ಕಂಪನಿಯವರದೇ ಬ್ಯಾಟರಿ ಉಳಿತಾಯ ಇದರ ಮೇಲೆ ಇನ್ನೊಂದು ಸುತ್ತು.

ಆ್ಯಪ್ ಉಳಿಸಿಕೊಳ್ಳುವುದಾದರೆ ಸೆಟ್ಟಿಂಗ್ಸ್, ಆ್ಯಪ್ಸ್, ಆ ಆ್ಯಪ್‌ನ ಹೆಸರು ತೆರೆದು ಇಷ್ಟು ನೋಡಿ:

– ನೋಟಿಫಿಕೇಶನ್ ಅನುಮತಿ ಆನ್ ಇದೆಯೇ. ಆಂಡ್ರಾಯ್ಡ್ 13ರಿಂದ ಪ್ರತಿ ಹೊಸ ಆ್ಯಪ್ ಇದನ್ನು ಕೇಳಿ ಪಡೆಯಬೇಕು. ಮೊದಲ ದಿನ ಯಾರೋ "ಬೇಡ" ಒತ್ತಿದ್ದರೆ ಅಲ್ಲಿಗೇ ಮುಗಿಯಿತು.
– "ಅಲಾರ್ಮ್ಸ್ ಆ್ಯಂಡ್ ರಿಮೈಂಡರ್ಸ್" ಎಂಬ ಪ್ರತ್ಯೇಕ ಅನುಮತಿ. ಇದಿಲ್ಲದಿದ್ದರೆ ಆ್ಯಪ್ ನಿಖರ ಸಮಯಕ್ಕೆ ಎಚ್ಚರಗೊಳ್ಳಲಾರದು. ನಿಮ್ಮ ಅರ್ಧ ಗಂಟೆಯ ತಡಕ್ಕೆ ಬಹುಶಃ ಇದೇ ಕಾರಣ.
– ಬ್ಯಾಟರಿ: "ಅನ್‌ರಿಸ್ಟ್ರಿಕ್ಟೆಡ್" ಆಯ್ಕೆ ಮಾಡಿ. ಶಿಯೋಮಿಯಂಥ ಫೋನುಗಳಲ್ಲಿ "ಆಟೋಸ್ಟಾರ್ಟ್" ಕೂಡ ಆನ್ ಮಾಡಬೇಕು.
– ಬಳಸದ ಆ್ಯಪ್‌ನ ಚಟುವಟಿಕೆ ನಿಲ್ಲಿಸುವ ಸ್ವಿಚ್ ಒಂದು ಕೊನೆಯಲ್ಲಿ ಇರುತ್ತದೆ. ಅದನ್ನು ಆಫ್ ಮಾಡಿ. ಕೆಲವು ತಿಂಗಳು ಯಾರೂ ತೆರೆಯದ ಆ್ಯಪ್‌ನ ಅನುಮತಿಗಳನ್ನು ಫೋನ್ ತಾನೇ ಹಿಂತೆಗೆದುಕೊಳ್ಳುತ್ತದೆ.

ಆದರೆ ಎರಡು ಬಾಟಲ್, ದಿನಕ್ಕೆ ಎರಡು ಹೊತ್ತು. ಇಷ್ಟಕ್ಕೆ ಆ್ಯಪ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಫೋನಿನ ಜೊತೆಗೇ ಬಂದ ಗಡಿಯಾರದ ಅಲಾರ್ಮ್ ಬಳಸಿ. ಅದನ್ನು ಸಿಸ್ಟಮ್ ಮಲಗಿಸುವುದಿಲ್ಲ. ರಿಂಗ್ ಸೈಲೆಂಟ್‌ನಲ್ಲಿದ್ದರೂ ಸಾಮಾನ್ಯವಾಗಿ ಬಡಿಯುತ್ತದೆ. ನೋಟಿಫಿಕೇಶನ್ ಥರ ಒಂದು "ಟಿಂಗ್" ಅಂದು ಸುಮ್ಮನಾಗುವುದಿಲ್ಲ, ಕೈಯಿಟ್ಟು ನಿಲ್ಲಿಸದಿದ್ದರೆ ಸ್ವಲ್ಪ ಹೊತ್ತು ಕೂಗುತ್ತಲೇ ಇರುತ್ತದೆ.

ಅಲಾರ್ಮ್ ಇಡುವಾಗ ಜನ ತಪ್ಪುವುದು ಕೆಲವೇ ಕಡೆ. ಏಳೂ ದಿನಗಳ ಅಕ್ಷರ ಒತ್ತದಿದ್ದರೆ ಅದು ಒಂದು ದಿನ ಬಡಿದು ತಾನೇ ಆಫ್ ಆಗುತ್ತದೆ. ಅಲಾರ್ಮ್‌ನ ವಾಲ್ಯೂಮ್ ಬೇರೆ, ರಿಂಗ್‌ನ ವಾಲ್ಯೂಮ್ ಬೇರೆ. ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿ ಅದನ್ನು ಪ್ರತ್ಯೇಕವಾಗಿ ಏರಿಸಬೇಕು. ರಾತ್ರಿ ಫೋನ್ ಸ್ವಿಚ್ ಆಫ್ ಮಾಡಿ ಮಲಗುವ ಅಭ್ಯಾಸವಿದ್ದರೆ ಹೆಚ್ಚಿನ ಫೋನುಗಳಲ್ಲಿ ಬೆಳಗಿನ ಅಲಾರ್ಮ್ ಬಡಿಯುವುದಿಲ್ಲ.

ಟ್ಯೂನ್ ಆರಿಸುವಾಗ ಕೀಚಲು ಸದ್ದು ಬೇಡ. ವಯಸ್ಸಾದಂತೆ ಮೊದಲು ಕೇಳಿಸದೆ ಹೋಗುವುದು ಏರುಸ್ವರಗಳೇ. ಇನ್ನೂ ಒಳ್ಳೆಯದು ಮನೆಯವರ ದನಿ. ಬಾಟಲಿಗೆ ಗುರುತಿನ ಬಣ್ಣದ ಪಟ್ಟಿ ಸುತ್ತಿ. ರೆಕಾರ್ಡರ್‌ನಲ್ಲಿ "ರಾತ್ರಿ ಎಂಟು ಗಂಟೆ. ಹಳದಿ ಪಟ್ಟಿ ಬಾಟಲ್. ಎರಡೂ ಕಣ್ಣಿಗೆ ಒಂದೊಂದು ಹನಿ" ಎಂದು ನಿಧಾನವಾಗಿ ಹೇಳಿ ಉಳಿಸಿ. ಆಮೇಲೆ ಗಡಿಯಾರದ ಆ್ಯಪ್‌ನಲ್ಲಿ ಅಲಾರ್ಮ್ ಸೌಂಡ್ ಆರಿಸುವ ಜಾಗದಲ್ಲಿ ಆ ಫೈಲನ್ನು ಸೇರಿಸಿ. ಅದು ಮತ್ತೆ ಮತ್ತೆ ಕೇಳಿಸುತ್ತದೆ. ಗ್ಲಾಕೋಮಾದಲ್ಲಿ ಮಸುಕು ಅಕ್ಷರ ಹಿನ್ನೆಲೆಯಿಂದ ಬೇರ್ಪಟ್ಟು ಕಾಣುವ ಶಕ್ತಿಯೂ ಕುಗ್ಗುವುದರಿಂದ, ಸ್ಕ್ರೀನಿನ ಸಣ್ಣ ಬರಹಕ್ಕಿಂತ ಕಿವಿಗೆ ಬೀಳುವ ಮಾತನ್ನು ನಂಬುವುದು ಲೇಸು.

ಐಫೋನ್ ಇರುವವರಿಗೆ: ಹೆಲ್ತ್ ಆ್ಯಪ್‌ನಲ್ಲಿ ಔಷಧಿಗಳ ವಿಭಾಗ ಐಓಎಸ್ 16ರಿಂದ ಇದೆ. ಐಓಎಸ್ 17ರಲ್ಲಿ, ಹಾಕಿಕೊಂಡೆ ಎಂದು ಗುರುತು ಮಾಡದಿದ್ದರೆ ಮತ್ತೊಮ್ಮೆ ನೆನಪಿಸುವ ಸೌಲಭ್ಯ ಬಂತು. ಅದನ್ನು ಆನ್ ಮಾಡಿಕೊಳ್ಳಿ.

---

ಆಪ್ಟೋಮೆಟ್ರಿ_ಮಲ್ಲೇಶ್ವರ

ನಿಮ್ಮ ಎರಡನೆಯ ತೊಂದರೆಯೇ ದೊಡ್ಡದು. ಗ್ಲಾಕೋಮಾದ ಸಾಮಾನ್ಯ ವಿಧದಲ್ಲಿ ನೋವಿಲ್ಲ, ಕೆಂಪಿಲ್ಲ, ನಡುವಿನ ದೃಷ್ಟಿ ಕೊನೆಯವರೆಗೂ ಸ್ಪಷ್ಟ. ಹನಿ ಹಾಕಿದರೆ ಕಣ್ಣು ಹೆಚ್ಚು ಕಾಣುವುದೂ ಇಲ್ಲ, ಬಿಟ್ಟರೆ ಆ ದಿನ ಏನೂ ಆಗುವುದೂ ಇಲ್ಲ. ತಲೆನೋವಿನ ಮಾತ್ರೆಯನ್ನು ತಲೆನೋವೇ ನೆನಪಿಸುತ್ತದೆ. ಇಲ್ಲಿ ನೆನಪಿಸಲು ದೇಹದಿಂದ ಏನೂ ಬರುವುದಿಲ್ಲ. ಒತ್ತಡ ಮಾತ್ರ ಒಳಗೊಳಗೇ ಏರಿ ದೃಷ್ಟಿನರವನ್ನು ಸವೆಸುತ್ತದೆ, ಹೋದ ನೋಟ ಮರಳಿ ಬರುವುದಿಲ್ಲ. ಹಿರಿಯರಿಗೆ ಇದನ್ನು ಒಮ್ಮೆ ಕೂರಿಸಿಕೊಂಡು ಹೇಳಿ. "ಡ್ರಾಪ್ಸ್ ಹಾಕಿದರೂ ಕಣ್ಣೇನೂ ಚುರುಕಾಗಲಿಲ್ಲ" ಅಂತ ಬಿಟ್ಟುಬಿಡುವವರು ಬಹಳ.

ರಿಮೈಂಡರ್‌ನಿಂದ ಉಪಯೋಗ ಇದೆಯೇ ಎಂಬುದಕ್ಕೆ ಪುರಾವೆಯೂ ಇದೆ. ಅಮೆರಿಕದಲ್ಲಿ ದಿನಕ್ಕೊಮ್ಮೆಯ ಹನಿಯನ್ನು ಸರಿಯಾಗಿ ಹಾಕಿಕೊಳ್ಳದಿದ್ದವರಿಗೆ ಫೋನ್ ಕರೆ ಅಥವಾ ಮೆಸೇಜ್ ಮೂಲಕ ನೆನಪಿಸಿ ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ನೆನಪಿಸಿದ ಗುಂಪಿನಲ್ಲಿ ಹನಿ ಹಾಕಿಕೊಳ್ಳುವ ಪ್ರಮಾಣ 53%ರಿಂದ 64%ಕ್ಕೆ ಏರಿತು. ಏರಿದ್ದು ನಿಜ, ಆದರೆ 100 ಆಗಲಿಲ್ಲ ಎಂಬುದನ್ನೂ ಗಮನಿಸಿ. ಮರೆವು ಒಂದೇ ಕಾರಣವಾಗಿದ್ದರೆ ಮಾತ್ರ ಗಂಟೆ ಬಾರಿಸಿ ಗೆಲ್ಲಬಹುದು.

ಆದ್ದರಿಂದ ಅಲಾರ್ಮ್ ಬಡಿಯುವ ಜಾಗಕ್ಕೂ ಬಾಟಲ್ ಇರುವ ಜಾಗಕ್ಕೂ ಗಂಟು ಹಾಕಿ. ಫೋನಿನ ಚಾರ್ಜರ್ ಎಲ್ಲಿದೆಯೋ ಅಲ್ಲೇ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಎರಡು ಬಾಟಲ್, ಟಿಶ್ಯೂ. ಪಕ್ಕದಲ್ಲಿ ಬೆನ್ನು ಒರಗುವ ಕುರ್ಚಿ. ಕಟ್ಟುನಿಟ್ಟಿನ ನಿಯಮ ಒಂದೇ: ಹನಿ ಬಿದ್ದ ಮೇಲೆ ಮಾತ್ರ "ಸ್ಟಾಪ್". ಕೈ ಬಿಡುವಿಲ್ಲದಿದ್ದರೆ "ಸ್ನೂಜ್" ಒತ್ತಲಿ, ಐದೋ ಹತ್ತೋ ನಿಮಿಷಕ್ಕೆ ಮತ್ತೆ ಕೂಗುತ್ತದೆ. ಅಡುಗೆಯ ಹೊತ್ತು, ಪೂಜೆಯ ಹೊತ್ತು, ಸೀರಿಯಲ್ ಹೊತ್ತಿಗೆ ಅಲಾರ್ಮ್ ಇಡಬೇಡಿ. ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಹಿಡಿಯುವ ಹೊತ್ತು ಒಳ್ಳೆಯದು.

ನಿಮ್ಮ ಎರಡು ಬಾಟಲಿಗೆ ವೇಳಾಪಟ್ಟಿ ಹೀಗೆ ಇಡಬಹುದು: ಬೆಳಿಗ್ಗೆ 8:00ಕ್ಕೆ ಡೋರ್ಜೋಲಮೈಡ್–ಟಿಮೋಲಾಲ್. ರಾತ್ರಿ 8:00ಕ್ಕೆ ಮತ್ತೆ ಅದೇ. 8:10ಕ್ಕೆ ಲ್ಯಾಟಾನೊಪ್ರೋಸ್ಟ್. ಅಂದರೆ ಮೂರು ಅಲಾರ್ಮ್. ರಾತ್ರಿಯದನ್ನು ಎರಡಾಗಿ ಒಡೆದಿರುವುದಕ್ಕೆ ಕಾರಣವಿದೆ. ಕಣ್ಣಿನಲ್ಲಿ ಒಂದು ಹನಿಗೇ ಪೂರ್ತಿ ಜಾಗವಿಲ್ಲ. ಹೆಚ್ಚಾದದ್ದು ಕೆನ್ನೆಗೆ ಇಳಿಯುತ್ತದೆ. ಮೊದಲನೆಯದು ಒಳಗಿಳಿಯುವ ಮೊದಲೇ ಎರಡನೆಯದು ಬಿದ್ದರೆ ಅದು ಮೊದಲನೆಯದನ್ನು ತೊಳೆದುಬಿಡುತ್ತದೆ. ಕನಿಷ್ಠ 5 ನಿಮಿಷ ಅಂತರ ಬೇಕು, 10 ಇದ್ದರೆ ನಿಶ್ಚಿಂತೆ. "ಎರಡು ಹನಿ ಬಿದ್ದರೆ ಇನ್ನೂ ಒಳ್ಳೆಯದು" ಅನ್ನುವುದೂ ಇದೇ ಕಾರಣಕ್ಕೆ ತಪ್ಪು. ಬಾಟಲ್ ಬೇಗ ಖಾಲಿ, ಗಂಟಲಲ್ಲಿ ಕಹಿ, ಲಾಭ ಸೊನ್ನೆ.

ಹಾಕುವ ರೀತಿ: ಕೈ ತೊಳೆದು ಕುರ್ಚಿಗೆ ಒರಗಿ ತಲೆ ಹಿಂದಕ್ಕೆ. ಎಡಗೈ ಬೆರಳಿನಿಂದ ಕೆಳರೆಪ್ಪೆಯನ್ನು ಸ್ವಲ್ಪ ಎಳೆದರೆ ಚಿಕ್ಕ ಜೇಬಿನಂತೆ ತೆರೆದುಕೊಳ್ಳುತ್ತದೆ. ನೋಟ ಮೇಲಕ್ಕೆ. ಬಾಟಲಿನ ತುದಿ ರೆಪ್ಪೆಗೂ ಕೂದಲಿಗೂ ತಾಗದಷ್ಟು ಎತ್ತರದಿಂದ ಒಂದೇ ಹನಿ. ಕೈ ನಡುಗುವವರು ಬಾಟಲ್ ಹಿಡಿದ ಕೈಯನ್ನು ಹಣೆಯ ಮೇಲೆ ಊರಬಹುದು. ಆಮೇಲೆ ಪಿಳಿಪಿಳಿ ಮಾಡದೆ ಕಣ್ಣು ಮೆತ್ತಗೆ ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳ ತುದಿಯಿಂದ 2 ನಿಮಿಷ ಒತ್ತಿ ಹಿಡಿಯಬೇಕು. ಈ ಎರಡು ನಿಮಿಷವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕಣ್ಣೀರಿನ ನಾಳ ಆ ಮೂಲೆಯಿಂದಲೇ ಮೂಗಿಗೆ ಇಳಿಯುತ್ತದೆ. ಅಲ್ಲಿಂದ ಟಿಮೋಲಾಲ್ ರಕ್ತಕ್ಕೆ ಸೇರಿದರೆ ನಾಡಿ ನಿಧಾನವಾಗಬಹುದು, ಆಸ್ತಮಾ ಇದ್ದವರಿಗೆ ಉಸಿರು ಕಟ್ಟಬಹುದು. ಹಿರಿಯರಿಗೆ ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದು ಕಣ್ಣಿನ ಡಾಕ್ಟರಿಗೆ ಹೇಳಿಲ್ಲವಾದರೆ ಇವತ್ತೇ ಹೇಳಿ. "ಕಣ್ಣಿನ ಹನಿ ತಾನೆ" ಎಂದು ಹೇಳದೆ ಬಿಡುವ ವಿಷಯ ಇದಲ್ಲ.

ತೆರೆದ ಕಣ್ಣಿಗೆ ಹಾಕಲು ಆಗುವುದೇ ಇಲ್ಲವೆಂದರೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಒಳಮೂಲೆಯ ಮೇಲೆ ಹನಿ ಬಿಟ್ಟು ಕಣ್ಣು ತೆರೆದರೆ ಒಳಗೆ ಜಾರುತ್ತದೆ.

---

ಫಾರ್ಮಸಿ_ವಿಜಯನಗರ

ಮೂರನೆಯ ಪ್ರಶ್ನೆಗೆ ಬಾಟಲೇ ಉತ್ತರ ಹೇಳುತ್ತದೆ. ಲೆಕ್ಕ ನೋಡಿ. ಬಾಟಲಿನ ಮೂತಿ ನೋಡಿಕೊಂಡು ಒಂದು ಎಂಎಲ್‌ಗೆ ಸುಮಾರು 25ರಿಂದ 30 ಹನಿ. ಲ್ಯಾಟಾನೊಪ್ರೋಸ್ಟ್ 2.5 ಎಂಎಲ್ ಅಂದರೆ 62ರಿಂದ 75 ಹನಿ. ಎರಡು ಕಣ್ಣಿಗೆ ದಿನಕ್ಕೆ 2. ಹಾಗಾಗಿ 31ರಿಂದ 37 ದಿನ ಬರಬೇಕು. ಡೋರ್ಜೋಲಮೈಡ್–ಟಿಮೋಲಾಲ್ 5 ಎಂಎಲ್‌ಗೆ ಹನಿ ಎರಡರಷ್ಟು, ಖರ್ಚೂ ದಿನಕ್ಕೆ 4. ಅದೂ ಅಷ್ಟೇ ದಿನ.

ತೆರೆದ ದಿನಾಂಕವನ್ನು ಬಾಟಲಿನ ಮೇಲೇ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆಯಿರಿ. 18ನೇ ದಿನಕ್ಕೇ ಖಾಲಿಯಾದರೆ ಅರ್ಧ ಹನಿಗಳು ಕೆನ್ನೆಗೆ ಹೋಗಿವೆ, ಹಾಕುವ ರೀತಿ ತಿದ್ದಬೇಕು. ತಿಂಗಳಾದರೂ ಅರ್ಧ ಬಾಟಲ್ ಉಳಿದಿದ್ದರೆ ಅಲಾರ್ಮ್ ಬಡಿದಿದೆ, ಹನಿ ಬಿದ್ದಿಲ್ಲ. ಆ್ಯಪ್‌ನಲ್ಲಿ ಎಲ್ಲ ದಿನಕ್ಕೂ ಹಸಿರು ಟಿಕ್ ಇದ್ದರೂ ಬಾಟಲಿನ ಮಾತನ್ನೇ ನಂಬಿ.

ತೆರೆದ ಬಾಟಲಿಗೆ ಆಯಸ್ಸು ಇದೆ. ಹೆಚ್ಚಿನವು 4 ವಾರ, ಕೆಲವು 6 ವಾರ. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಅದೇ ಅಂತಿಮ. ಉಳಿದಿದೆ ಅಂತ ಮೂರು ತಿಂಗಳು ಎಳೆಯಬೇಡಿ. ನಿತ್ಯದ ಅಲಾರ್ಮ್‌ಗಿಂತ ಜನ ಮರೆಯುವುದು ಈ ರಿಮೈಂಡರ್: ಫೋನಿನ ಕ್ಯಾಲೆಂಡರ್‌ನಲ್ಲಿ ಬಾಟಲ್ ತೆರೆದ 21ನೇ ದಿನಕ್ಕೆ "ಹೊಸ ಬಾಟಲ್ ತರುವುದು" ಎಂದು ಹಾಕಿ, ಪ್ರತಿ 4 ವಾರಕ್ಕೆ ಮರುಕಳಿಸುವಂತೆ ಮಾಡಿ. ಇದು ತರುವವರ ಫೋನಿನಲ್ಲಿರಲಿ, ಹಿರಿಯರ ಫೋನಿನಲ್ಲಲ್ಲ. ಭಾನುವಾರ ರಾತ್ರಿ ಬಾಟಲ್ ಖಾಲಿ, ಹತ್ತಿರದ ಅಂಗಡಿಯಲ್ಲಿ ಆ ಔಷಧಿ ಇಲ್ಲ ಅನ್ನುವ ಪರಿಸ್ಥಿತಿ ಹೀಗೆ ತಪ್ಪುತ್ತದೆ.

ಲ್ಯಾಟಾನೊಪ್ರೋಸ್ಟ್ ಸಾಮಾನ್ಯವಾಗಿ ತೆರೆಯುವ ಮೊದಲು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ತೆರೆದ ಮೇಲೆ 25 ಡಿಗ್ರಿವರೆಗೆ ಹೊರಗೆ ಇಡಬಹುದು. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ಪರವಾಗಿಲ್ಲ, ಆದರೆ ಮಾರ್ಚ್–ಏಪ್ರಿಲ್ ಮಧ್ಯಾಹ್ನ ಮೇಲಿನ ಮಹಡಿಯ ಮನೆ, ತಗಡಿನ ಛಾವಣಿ ಅಂದರೆ ಆ ಮಿತಿ ದಾಟುತ್ತದೆ. ಆ ತಿಂಗಳುಗಳಲ್ಲಿ ತೆರೆದದ್ದನ್ನೂ ಫ್ರಿಜ್ಜಿನ ಬಾಗಿಲಲ್ಲಿ ಇಡಿ, ಫ್ರೀಜರ್‌ನಲ್ಲಿ ಬೇಡ. ಆಗ ಸ್ಟೀಲ್ ಡಬ್ಬಿಯಲ್ಲಿ "ಫ್ರಿಜ್" ಎಂದು ದಪ್ಪಕ್ಷರದ ಚೀಟಿ ಇಡಿ, ಇಲ್ಲದಿದ್ದರೆ ಕಣ್ಣಿಗೆ ಕಾಣದ ಬಾಟಲ್ ಮರೆತೇ ಹೋಗುತ್ತದೆ. ತಣ್ಣನೆಯ ಹನಿಯಿಂದ ಇನ್ನೊಂದು ಅನುಕೂಲ: ಅದು ಕಣ್ಣೊಳಗೆ ಬಿತ್ತೋ ರೆಪ್ಪೆಯ ಮೇಲೆ ಬಿತ್ತೋ ತಕ್ಷಣ ಗೊತ್ತಾಗುತ್ತದೆ.

ಮುಚ್ಚಳದ ಬಣ್ಣ ನಂಬಬೇಡಿ. ಅಮೆರಿಕದಲ್ಲಿ ಔಷಧಿಯ ವರ್ಗಕ್ಕೊಂದು ಬಣ್ಣದ ಪದ್ಧತಿ ಇದೆ. ನಮ್ಮಲ್ಲಿ ಎಲ್ಲ ಕಂಪನಿಗಳೂ ಅದನ್ನು ಪಾಲಿಸುವುದಿಲ್ಲ, ಬ್ರ್ಯಾಂಡ್ ಬದಲಾದರೆ ಬಣ್ಣವೂ ಬದಲಾಗಬಹುದು. ನೀವೇ ಇನ್ಸುಲೇಶನ್ ಟೇಪ್ ಸುತ್ತಿ: ದಿನಕ್ಕೆರಡು ಸಲದ್ದಕ್ಕೆ ಹಳದಿಯ ಎರಡು ಸುತ್ತು, ರಾತ್ರಿಯದಕ್ಕೆ ಕಪ್ಪು ಒಂದು ಸುತ್ತು. ಬೆರಳಿಗೂ ಉಬ್ಬು ಸಿಗುತ್ತದೆ. ಅಲಾರ್ಮ್‌ನ ದನಿಯಲ್ಲಿ ಔಷಧಿಯ ಹೆಸರಿಗಿಂತ ಈ ಪಟ್ಟಿಯ ಹೆಸರು ಹೇಳಿ. ಮತ್ತು ಆ ಡಬ್ಬಿಯ ಹತ್ತಿರ ಅಂಟಿನ ಟ್ಯೂಬು, ಕಿವಿಯ ಡ್ರಾಪ್ಸ್ ಯಾವುದೂ ಇರಕೂಡದು.

---

ಕೀಪ್ಯಾಡ್_ಫೋನ್_ಚಾಮರಾಜಪೇಟೆ

ಸ್ಮಾರ್ಟ್‌ಫೋನ್ ಇಲ್ಲದವರಿಗೂ ಒಂದು ಮಾತು. ಮಿಂಟೋ ಕಣ್ಣಿನ ಆಸ್ಪತ್ರೆಗೆ ಬರುವ ಅನೇಕರ ಕೈಯಲ್ಲಿ ಇರುವುದು ಕೀಪ್ಯಾಡ್ ಫೋನ್. ಈ ಕೆಲಸಕ್ಕೆ ಅದೇನೂ ಕಡಿಮೆಯಲ್ಲ. ನಿತ್ಯ ಮರುಕಳಿಸುವ ಅಲಾರ್ಮ್ ಇದೆ, ಬ್ಯಾಟರಿ ದಿನಗಟ್ಟಲೆ ಬರುತ್ತದೆ, ಹಿನ್ನೆಲೆಯಲ್ಲಿ ಏನನ್ನೂ ಮಲಗಿಸುವುದಿಲ್ಲ. ಬ್ಯಾಟರಿ ಕಳಚಿ ಹಾಕಿದ ಮೇಲೆ ದಿನಾಂಕ, ಸಮಯ ಸರಿ ಇದೆಯೇ ನೋಡಿಕೊಳ್ಳಬೇಕು. ಕೆಲವು ಸೆಟ್‌ಗಳಲ್ಲಿ ಗಡಿಯಾರ ಶುರುವಿಗೆ ಹೋಗಿಬಿಡುತ್ತದೆ, ಅಲಾರ್ಮ್ ನಡುರಾತ್ರಿ ಕೂಗುತ್ತದೆ.

ದೂರದಲ್ಲಿರುವವರಿಗೆ ಖಚಿತಪಡಿಸಲು ಮಿಸ್ಡ್ ಕಾಲ್ ಸಾಕು. ಹನಿ ಹಾಕಿ, ಎರಡು ನಿಮಿಷ ಮೂಲೆ ಒತ್ತಿ, ಆಮೇಲೆ ಸ್ಪೀಡ್ ಡಯಲ್ 2 ಒತ್ತಿ ಒಂದು ರಿಂಗ್. 8:30ರೊಳಗೆ ಬರದಿದ್ದರೆ ನೀವು ಕರೆ ಮಾಡಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ "ಹಾಕಿದೆ" ಎಂದು ಬರೆಸುವುದು ಬೇಡ. ಸಣ್ಣ ಅಕ್ಷರ ಹುಡುಕುವ ಕಷ್ಟಕ್ಕೆ ನಾಲ್ಕೇ ದಿನಕ್ಕೆ ನಿಂತುಹೋಗುತ್ತದೆ. ಗ್ರೂಪನ್ನು ಮ್ಯೂಟ್ ಮಾಡಿರುವವರೂ ಬಹಳ.

---

ಬಸವನಗುಡಿ_ನಿವಾಸಿ

ಗಡಿಯಾರದ ಅಲಾರ್ಮ್, ಟೇಪ್, ಮಿಸ್ಡ್ ಕಾಲ್ ಮೂರನ್ನೂ ಮಾಡುತ್ತೇವೆ. ಇನ್ನೆರಡು ಪ್ರಶ್ನೆ. ಮರೆತೇ ಹೋದರೆ ಯಾವಾಗ ಹಾಕಬಹುದು? ಮತ್ತೆ ಮುಂದಿನ ವಾರ ಶಿವಮೊಗ್ಗಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗುವುದಿದೆ. ಎಂಟು ಗಂಟೆಗೆ ಮೆಜೆಸ್ಟಿಕ್ ದಾರಿಯ ಟ್ರಾಫಿಕ್‌ನಲ್ಲಿ ಇರುತ್ತಾರೆ.

---

ಆಪ್ಟೋಮೆಟ್ರಿ_ಮಲ್ಲೇಶ್ವರ

ಎರಡು ಔಷಧಿಗೂ ಒಂದೇ ನಿಯಮ ಅಲ್ಲ. ಬೆಳಗಿನ ಡೋರ್ಜೋಲಮೈಡ್–ಟಿಮೋಲಾಲ್ ಮರೆತು ಹನ್ನೊಂದಕ್ಕೆ ನೆನಪಾದರೆ ಆಗಲೇ ಹಾಕಿ, ರಾತ್ರಿಯದನ್ನು ಮಾಮೂಲಿ ಹೊತ್ತಿಗೆ ಹಾಕಿ. ಸಂಜೆ ಏಳಕ್ಕೆ ನೆನಪಾದರೆ ಬಿಡಿ, ಎಂಟರದು ಸಾಕು. ಲ್ಯಾಟಾನೊಪ್ರೋಸ್ಟ್ ಮಲಗುವ ಮುಂಚೆ ನೆನಪಾದರೆ ಹಾಕಿ. ಮರುದಿನ ಬೆಳಿಗ್ಗೆ ನೆನಪಾದರೆ ಬಿಟ್ಟು, ಆ ರಾತ್ರಿ ಎಂದಿನಂತೆ ಮುಂದುವರಿಸಿ. ಈ ಹನಿಯನ್ನು ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಹಾಕಿದರೆ ಒತ್ತಡ ಇಳಿಸುವ ಪರಿಣಾಮ ಕಡಿಮೆಯಾಗುವ ಸಾಧ್ಯತೆ ಇದೆ. ಯಾವುದನ್ನೂ ಡಬಲ್ ಮಾಡುವಂತಿಲ್ಲ. ಡಾಕ್ಟರ್ ಬೇರೆ ರೀತಿ ಹೇಳಿದ್ದರೆ ಅದೇ ಸರಿ.

ಪ್ರಯಾಣದ ದಿನ ಮನೆ ಬಿಡುವ ಮೊದಲೇ ಎರಡನ್ನೂ ಹಾಕಿಸಿಬಿಡಿ, ಆರೂವರೆ ಆದರೂ ಸರಿ. ಓಡುವ ಆಟೋದಲ್ಲಿ, ಕುಲುಕುವ ಬಸ್ಸಿನಲ್ಲಿ ಹಾಕಲು ಹೋದರೆ ಬಾಟಲಿನ ತುದಿ ಕಣ್ಣಿಗೆ ಚುಚ್ಚುತ್ತದೆ. ಆ ಒಂದು ದಿನಕ್ಕೆ ಹಳೆಯ ಅಲಾರ್ಮ್ ತಿದ್ದಬೇಡಿ, ಮರಳಿ ಸರಿಪಡಿಸಲು ಯಾರಿಗೂ ನೆನಪಿರುವುದಿಲ್ಲ. ಆರೂವರೆಗೆ ಹೊಸದೊಂದನ್ನು ಒಂದೇ ಸಲ ಬಡಿಯುವಂತೆ ಇಡಿ. ರಾತ್ರಿ ಎಂಟರ, ಎಂಟು ಹತ್ತರ ಹಳೆಯವು ಬಡಿದಾಗ ಮತ್ತೆ ಹಾಕಿಕೊಳ್ಳಬಾರದು ಎಂದು ಮೊದಲೇ ತಿಳಿಸಿ. ಬಾಟಲ್ ಕೈಚೀಲದಲ್ಲಿರಲಿ, ಡಿಕ್ಕಿಯ ಸೂಟ್‌ಕೇಸಿನಲ್ಲಿ ಬೇಡ.

ಇನ್ನೊಂದು ವಿಷಯ, ನೀವು ಕೇಳಿಲ್ಲ. ಚೆಕಪ್‌ಗೆ ನಾಲ್ಕು ದಿನ ಇರುವಾಗ ಮಾತ್ರ ಚಾಚೂ ತಪ್ಪದೆ ಹನಿ ಹಾಕಿಕೊಳ್ಳುವುದು ಬಹಳ ಜನರ ರೂಢಿ. ಆಗ ಕ್ಲಿನಿಕ್‌ನಲ್ಲಿ ಒತ್ತಡ ಚೆನ್ನಾಗಿ ಕಾಣುತ್ತದೆ, ಆದರೆ ಸುತ್ತಲಿನ ನೋಟ ಎಷ್ಟು ಉಳಿದಿದೆ ಎಂದು ಅಳೆಯುವ ವಿಷುವಲ್ ಫೀಲ್ಡ್ ಪರೀಕ್ಷೆ ಹದಗೆಡುತ್ತಾ ಹೋಗುತ್ತದೆ. ಕಾರಣ ತಿಳಿಯದ ಡಾಕ್ಟರ್ ಮೂರನೆಯ ಬಾಟಲ್ ಸೇರಿಸುತ್ತಾರೆ, ಅಥವಾ ಆಪರೇಶನ್ ಮಾತು ಬರುತ್ತದೆ. ತಪ್ಪಿದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅದರ ಫೋಟೋ ತೋರಿಸಿ. ಯಾವ ಒಳ್ಳೆಯ ಡಾಕ್ಟರೂ ಅದಕ್ಕೆ ಬೈಯುವುದಿಲ್ಲ.

ಅಲಾರ್ಮ್ ಸರಿಯಾಗಿ ಬಡಿದೂ ಹಿರಿಯರು ಬೇಕೆಂದೇ ಬಿಡುತ್ತಿದ್ದರೆ ಕಾರಣ ಕೇಳಿ. ಉರಿ, ಕೆಂಪು ಇದ್ದರೆ ಪ್ರಿಸರ್ವೇಟಿವ್ ಇಲ್ಲದ ಹನಿಗಳಿವೆ. ಬೆಲೆಯ ಚಿಂತೆ ಇದ್ದರೆ ಜೆನೆರಿಕ್ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ದಿನಾ ಹಾಕುವುದೇ ಬೇಸರವಾಗಿದ್ದರೆ ಎಸ್‌ಎಲ್‌ಟಿ ಲೇಸರ್ (ಕಣ್ಣೊಳಗಿನ ದ್ರವ ಹೊರಹೋಗುವ ಜಾಗಕ್ಕೆ ಬೆಳಕು ಹಾಯಿಸಿ ಒತ್ತಡ ಇಳಿಸುವ ಚಿಕಿತ್ಸೆ) ಬಗ್ಗೆ ಡಾಕ್ಟರನ್ನು ಕೇಳಿ. ಬ್ರಿಟನ್ನಿನಲ್ಲಿ ಹೊಸದಾಗಿ ಪತ್ತೆಯಾದ ರೋಗಿಗಳಿಗೆ ಮೊದಲು ಲೇಸರ್ ಮಾಡಿ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು 74% ಮಂದಿಗೆ ಮೂರು ವರ್ಷ ಕಳೆದಾಗಲೂ ಹನಿ ಬೇಕಾಗಿರಲಿಲ್ಲ. ಈಗಾಗಲೇ ಎರಡು ಬಾಟಲ್ ಹಾಕುತ್ತಿರುವ ಕಣ್ಣಿಗೆ ಅದು ಅಷ್ಟೇ ಫಲ ಕೊಡುತ್ತದೆ ಎಂದಲ್ಲ, ಆದರೆ ಒಂದು ಬಾಟಲ್ ಕಡಿಮೆಯಾದರೂ ಮೂರು ಅಲಾರ್ಮ್ ಇರುವ ಕಡೆ ಒಂದೋ ಎರಡೋ ಸಾಕಾಗುತ್ತದೆ. ಮುಂದಿನ ಚೆಕಪ್‌ನಲ್ಲಿ ಕೋನ ಪರೀಕ್ಷೆ, ಅಂದರೆ ಕಣ್ಣೊಳಗಿನ ದ್ರವ ಹೊರಹೋಗುವ ಮೂಲೆಯನ್ನು ನೋಡುವ ಗೋನಿಯೋಸ್ಕೋಪಿ, ಆಗಿದೆಯೇ ಎಂದು ಮೊದಲು ಕೇಳಿ. ಕಣ್ಣಿನ ಕೋನ ತೆರೆದಿದ್ದರೆ ಮಾತ್ರ ಈ ಲೇಸರ್ ಆಗುತ್ತದೆ.